ಹತ್ತೊಂಬತ್ತಕ್ಕನ ಸಹಿ

ಹತ್ತೊಂಬತ್ತಕ್ಕನಿಗೆ ಒಂಬತ್ತು ವರ್ಷ ಏಳು ತಿಂಗಳ ಸಂಬಳದ ವ್ಯತ್ಯಾಸ ಇನ್ನೂ ಬರಬೇಕು. ಮೀಟರ್ ರೀಡರ್ ಸಂಬಳ ಎಷ್ಟು, ಇನ್‌ಸ್ಪೆಕ್ಟರ್ ಸಂಬಳ ಎಷ್ಟು, ಎರಡರ ನಡುವಿನದು ಅವಳದ್ದು. ಕೊಡಬೇಕಾದವರು ಕೊಡುತ್ತೇವೆ ಅಂದಿಲ್ಲ, ಕೊಡುವುದಿಲ್ಲ ಅಂತಲೂ ಅಂದಿಲ್ಲ. ದುಡ್ಡಿನ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಅವಳು ಅದನ್ನು ಒಂದು ದಿನವೂ ಎತ್ತಲಿಲ್ಲ. ಅವಳು ಕೇಳಿದ್ದು ಕೆಲಸ. ಬರೆದು ಗೆದ್ದ ಕೆಲಸ.

ಹತ್ತೊಂಬತ್ತು ಅವಳ ಮನೆ ನಂಬರಲ್ಲ, ವಾರ್ಡ್ ನಂಬರೂ ಅಲ್ಲ. ಸಂದರ್ಶನದಲ್ಲಿ ಐವತ್ತಕ್ಕೆ ಅವಳಿಗೆ ಹಾಕಿದ ಅಂಕ. ಇಪ್ಪತ್ತು ಬಂದಿದ್ದರೆ ಪಾಸಾಗುತ್ತಿದ್ದಳು. ಪೈಪ್ ಜೋಡಿಸುವವರು ತಮಾಷೆಗೆ ಇಟ್ಟ ಹೆಸರು ಅದು. ಅವಳು ಸಿಟ್ಟಾಗಲಿಲ್ಲ. "ಹಾಗೇ ಕರೀರಿ. ಇಲ್ಲದಿದ್ರೆ ನೀವೂ ಮರೀತೀರ, ನಾನೂ ಮರೀತೀನಿ" ಅಂದಳು. ಈಗ ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಅವಳ ನಿಜವಾದ ಹೆಸರು ಓಡುವುದಿಲ್ಲ.

ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಓದುವುದು ಅವಳ ಕೆಲಸ. ಓದುವುದು ಅಂದರೆ ಕುರ್ಚಿಯಲ್ಲಿ ಕೂತು ಓದುವುದಲ್ಲ. ಪ್ರತಿ ಮನೆಯ ಗೇಟಿನ ಪಕ್ಕ ಒಂದು ಗುಂಡಿ ಇರುತ್ತದೆ, ಮೇಲೆ ಕಬ್ಬಿಣದ ಮುಚ್ಚಳ. ಮುಚ್ಚಳ ಎತ್ತಿದರೆ ಜಿರಳೆ, ಕೆಸರು, ಕೊಳೆತ ಎಲೆ. ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ, ಭುಜದವರೆಗೆ ಕೈ ಇಳಿಸಿ, ಮೀಟರಿನ ಗಾಜು ಒರೆಸಿ, ಅಂಕಿ ನೋಡಿ, ಎದ್ದು ಹಾಳೆಯಲ್ಲಿ ಬರೆಯಬೇಕು. ದಿನಕ್ಕೆ ನೂರಾ ಇಪ್ಪತ್ತು ಗುಂಡಿ. ಮನೆಯವರು ಕಿಟಕಿಯಿಂದ "ಯಾರದು" ಅಂತ ಕೂಗುತ್ತಾರೆ. "ನಿಮ್ಮ ನೀರಮ್ಮ, ಬಿಲ್ಲು ಹೆಚ್ಚು ಮಾಡೋಕೆ ಬಂದಿದೀನಿ" ಅನ್ನುತ್ತಾಳೆ ಇವಳು.

ಈ ಕೆಲಸದವರಿಗೆ ಒಂದು ರೂಢಿ ಇದೆ. ಇಡೀ ಕಥೆ ಇದರ ಮೇಲೇ ನಿಂತಿರುವುದರಿಂದ ಬಿಡಿಸಿ ಹೇಳುತ್ತೇನೆ. ರೀಡಿಂಗ್ ಹಾಳೆಯ ಕೆಳಗೆ ಓದಿದವರ ಸಹಿ ಬೀಳಬೇಕು. ಗುಂಡಿಯಿಂದ ಎದ್ದ ಕೈ ಯಾವಾಗಲೂ ಒದ್ದೆ, ಒದ್ದೆ ಕೈಯ ಸಹಿ ಹರಡಿ ಹೋಗುತ್ತದೆ, ಹರಡಿದ ಸಹಿಯನ್ನು ಬಿಲ್ ವಿಭಾಗದವರು ವಾಪಸ್ ಕಳಿಸುತ್ತಾರೆ. ಅದಕ್ಕೆ ಇವರು ಬೆಳಗ್ಗೆ ಆಫೀಸಿನ ಒಣ ಮೇಜಿನ ಮೇಲೆ ಆ ದಿನದ ಆರೂ ಹಾಳೆಗೆ ಮೊದಲೇ ಸಹಿ ಹಾಕಿಕೊಂಡು ಹೊರಡುತ್ತಾರೆ. ಸಹಿ ಮೊದಲು, ಅಂಕಿ ಆಮೇಲೆ. ಹದಿನಾಲ್ಕು ವರ್ಷ ದಿನಾ ಬೆಳಗ್ಗೆ ಇದನ್ನೇ ಮಾಡಿದವರ ಕೈಗೆ, ಮುಂದೆ ಹಾಳೆ ಇಟ್ಟರೆ ಸಾಕು, ಕಣ್ಣನ್ನು ಕೇಳುವ ಅಭ್ಯಾಸವೇ ಹೋಗಿರುತ್ತದೆ.

ನೇಮಕಾತಿ ಆಯೋಗ ಮೂವತ್ತಾರು ಇನ್‌ಸ್ಪೆಕ್ಟರ್ ಬೇಕು ಅಂತ ಪ್ರಕಟಣೆ ಹೊರಡಿಸಿದಾಗ ಅಕ್ಕನಿಗೆ ಮೂವತ್ತಾರು ವಯಸ್ಸು. "ನನ್ನ ವಯಸ್ಸಿಗೊಂದು ಅಂತ ಲೆಕ್ಕ ಹಾಕಿ ಕರೆದಿದಾರೆ" ಅಂತ ನಗುತ್ತ ಅರ್ಜಿ ಹಾಕಿದಳು. ಲಿಖಿತ ಪರೀಕ್ಷೆಗೆ ಇನ್ನೂರು ಅಂಕ, ಸಂದರ್ಶನಕ್ಕೆ ಐವತ್ತು. ಎರಡನ್ನೂ ಕೂಡಿಸಿ ಯಾರು ಮೇಲೋ ಅವರಿಗೆ ಕೆಲಸ. ಪ್ರಕಟಣೆಯಲ್ಲಿ ಇದ್ದದ್ದು ಇಷ್ಟೇ. ಇದಕ್ಕಿಂತ ಒಂದಕ್ಷರ ಹೆಚ್ಚಿರಲಿಲ್ಲ.

ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜು ಬಿಟ್ಟರೆ ಮನೆಯಲ್ಲಿ ಬೇರೆ ಮೇಜಿಲ್ಲ. ಅವನ ಕೆಲಸ ಮುಗಿದ ಮೇಲೆ ಅಕ್ಕ ಅದೇ ಮೇಜಿನ ಮೇಲೆ, ಅವನದೇ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಪೈಪಿನ ಅಗಲ, ನೀರಿನ ಒತ್ತಡ, ಟ್ಯಾಂಕಿನ ಎತ್ತರ ಅಂತ ಲೆಕ್ಕ ಬಿಡಿಸುತ್ತಿದ್ದಳು. ಒಂದು ಸಲ ಒಬ್ಬ ಗಿರಾಕಿಯ ಪ್ಯಾಂಟಿನ ಬಟ್ಟೆ ಅಲ್ಲೇ ಹರಡಿತ್ತು.

"ಲೇ, ಆ ಮನುಷ್ಯನ ತೊಡೆ ಮೇಲೆ ನಿನ್ನ ಪೈಪ್‌ಲೈನ್ ಹೋಗಿದೆ ಕಣೇ" ಅಂದ ಗಂಡ.

"ಹೊಲಿದುಬಿಡಿ. ಲೀಕ್ ಆದ್ರೆ ನನ್ನ ಕರೀಲಿ."

ಲಿಖಿತ ಪರೀಕ್ಷೆಯಲ್ಲಿ ಇನ್ನೂರಕ್ಕೆ ನೂರಾ ಅರವತ್ಮೂರು. ಪಟ್ಟಿಯಲ್ಲಿ ನಾಲ್ಕನೆಯವಳು. ಮೂರು ಪ್ರಯತ್ನ ಮಾಡಿದ ಇಂಜಿನಿಯರಿಂಗ್ ಹುಡುಗರೆಲ್ಲ ಅವಳ ಕೆಳಗೆ. ಇನ್ನು ಸಂದರ್ಶನದಲ್ಲಿ ಆಯೋಗದವರು ಬರೀ ಸೊನ್ನೆ ಕೊಟ್ಟರೂ ಅವಳ ಮೊತ್ತ ನೂರಾ ಅರವತ್ಮೂರು ಇದ್ದೇ ಇರುತ್ತಿತ್ತು. ಆಯ್ಕೆಯಾದ ಮೂವತ್ತಾರು ಜನರಲ್ಲಿ ಕೊನೆಯವನ ಒಟ್ಟು ಅಂಕ ನೂರಾ ಐವತ್ತೆಂಟು. ಅಂದರೆ ಸೊನ್ನೆ ತೆಗೆದುಕೊಂಡಿದ್ದರೂ ಕೆಲಸ ಅವಳದ್ದೇ.

ಸಂದರ್ಶನಕ್ಕೆ ಎರಡು ದಿನ ಇದ್ದಾಗ ಆಯೋಗದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರು. ಸಂದರ್ಶನದಲ್ಲಿ ಕನಿಷ್ಠ ಇಪ್ಪತ್ತು ಅಂಕ ಪಡೆಯದವರು, ಲಿಖಿತದಲ್ಲಿ ಎಷ್ಟೇ ಪಡೆದಿರಲಿ, ಅನುತ್ತೀರ್ಣ. ಪರೀಕ್ಷೆ ಬರೆಯುವಾಗ ಇಲ್ಲದ ನಿಯಮ, ಯಾರು ಎಷ್ಟು ತೆಗೆದಿದ್ದಾರೆ ಅಂತ ಗೊತ್ತಾದ ಮೇಲೆ ಹುಟ್ಟಿತು. ಆಯೋಗದ ಕಟ್ಟಡದ ಎದುರು ರಸ್ತೆಯಲ್ಲೇ ನಮ್ಮ ಕಾರ್ಮಿಕ ಸಂಘದ ಕೋಣೆ. ರಸ್ತೆ ದಾಟಿ ಅದನ್ನು ಓದಬೇಕಾಗಿದ್ದವನು ಸಂಘದ ಕಾರ್ಯದರ್ಶಿ, ಅಂದರೆ ನಾನು. ಓದಲಿಲ್ಲ. ಇದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ಸಂದರ್ಶನದ ದಿನ ಕಾಯುವ ಹಾಲಿನಲ್ಲಿ ಒಬ್ಬ ಗುಮಾಸ್ತ ಎಲ್ಲರ ಮುಂದೆ ಮೂರು ಮೂರು ಹಾಳೆ ಹಿಡಿದ. "ಇಲ್ಲಿ ಒಂದು, ಇಲ್ಲಿ ಒಂದು, ಕೆಳಗೊಂದು. ಬೇಗ ಬೇಗ." ಅಕ್ಕನ ಕೈ ಮೂರು ಕಡೆ ಓಡಿತು. ಒಂದು ಹಾಜರಿ, ಒಂದು ವಿಳಾಸ, ಮೂರನೆಯದು ಮುಚ್ಚಳಿಕೆ. ಸಂದರ್ಶನದ ಎಲ್ಲ ಷರತ್ತುಗಳನ್ನು ಓದಿ ಒಪ್ಪಿದ್ದೇನೆ ಅಂತ ಬರೆದುಕೊಡುವ ಮುಚ್ಚಳಿಕೆ. ಅವಳು ಓದಲಿಲ್ಲ. ಪಕ್ಕದಲ್ಲಿ ಇಬ್ಬರು ಓದಿದರು, ಮುಖ ಮುಖ ನೋಡಿಕೊಂಡರು, ಅವರೂ ಸಹಿ ಹಾಕಿದರು. ಹಾಕದಿದ್ದವರನ್ನು ಬಾಗಿಲ ಒಳಗೆ ಬಿಡುತ್ತಿರಲಿಲ್ಲ.

ಒಳಗೆ ಐದು ಜನ. ನಡುವೆ ಅಧ್ಯಕ್ಷರು, ನಿವೃತ್ತಿಯಾಗಿ ಮತ್ತೆ ಕುರ್ಚಿ ಹಿಡಿದ ಅಧಿಕಾರಿ. ಏನೇನು ನಡೆಯಿತು ಅಂತ ಅಕ್ಕ ಅವತ್ತೇ ಸಂಘದ ಕೋಣೆಗೆ ಬಂದು ಒಪ್ಪಿಸಿದಳು, ಆಮೇಲೆ ನೂರು ಸಲ ಒಪ್ಪಿಸಿದ್ದಾಳೆ, ಒಂದು ಮಾತು ಹೆಚ್ಚುಕಡಿಮೆ ಆಗಿಲ್ಲ.

"ನೆಲದಡಿಯ ಸೋರಿಕೆಯನ್ನು ಹೇಗೆ ಪತ್ತೆ ಮಾಡುತ್ತೀರಿ?"

"ಸರಳು ಇಟ್ಟು ಕೇಳ್ತೀನಿ ಸರ್. ಬೆಳಗಿನ ಜಾವ ಗಾಡಿ ಓಡಾಟ ಶುರುವಾಗೋ ಮುಂಚೆ, ಉದ್ದದ ಕಬ್ಬಿಣದ ಸರಳಿನ ಒಂದು ತುದಿ ಪೈಪಿನ ಮೇಲೆ, ಒಂದು ತುದಿ ಕಿವಿಗೆ. ಸೋರ್ತಾ ಇದ್ರೆ ಹಾಲು ಉಕ್ಕೋ ಥರ ಸದ್ದು ಬರುತ್ತೆ. ನಮ್ಮಪ್ಪ ಇದೇ ಇಲಾಖೇಲಿ ವಾಲ್ವ್ ತಿರುಗಿಸ್ತಿದ್ರು, ಅವರು ಕಲಿಸಿದ್ದು."

"ಅದಕ್ಕೆ ಯಂತ್ರ ಇದೆ ಅಂತ ಗೊತ್ತಿಲ್ಲವಾ ನಿಮಗೆ?"

"ಗೊತ್ತು ಸರ್. ಸ್ಟೋರಿನಲ್ಲಿದೆ. ಮೂರು ವರ್ಷದಿಂದ ಬ್ಯಾಟರಿ ಇಲ್ಲ."

ಒಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ಮೇಲಧಿಕಾರಿ ಹೇಳಿದ್ದು ತಪ್ಪು ಅನ್ನಿಸಿದರೆ ಏನು ಮಾಡುತ್ತೀರಿ?"

"ತಪ್ಪು ಅಂತ ಹೇಳ್ತೀನಿ ಸರ್. ನೀರು ಮೇಲಧಿಕಾರಿ ಮಾತು ಕೇಳಲ್ಲ."

ಅಷ್ಟೇ. ನಾಲ್ಕು ನಿಮಿಷ. ಹೊರಗೆ ಬಂದವಳಿಗೆ ಚೆನ್ನಾಗಿ ಮಾಡಿದೆ ಅನ್ನುವ ಖುಷಿ ಬೇರೆ.

ಫಲಿತಾಂಶದಲ್ಲಿ ನಲವತ್ತೊಂದು ಜನ ಸಂದರ್ಶನದಲ್ಲಿ ಫೇಲು. ಅವರಲ್ಲಿ ಇಪ್ಪತ್ತೇಳು ಜನರಿಗೆ ಸರಿಯಾಗಿ ಹತ್ತೊಂಬತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಆಯ್ಕೆಯಾದವರಲ್ಲಿ ಒಬ್ಬ ಅವಳದೇ ವಿಭಾಗಕ್ಕೆ ಇನ್‌ಸ್ಪೆಕ್ಟರಾಗಿ ಬಂದ. ಅವನಿಗೆ ಲಿಖಿತದಲ್ಲಿ ನೂರಾ ಇಪ್ಪತ್ತೊಂದು, ಸಂದರ್ಶನದಲ್ಲಿ ನಲವತ್ತಾರು. ಒಟ್ಟು ನೂರಾ ಅರವತ್ತೇಳು. ಅಕ್ಕನದ್ದು ನೂರಾ ಎಂಬತ್ತೆರಡು. ಹೆಸರಿಡುವುದರಲ್ಲಿ ನಮ್ಮ ಪೈಪಿನವರು ಪಕ್ಷಪಾತ ಮಾಡುವವರಲ್ಲ. ಅವನಿಗೆ ನಲವತ್ತಾರ ಅಂತಲೇ ಹೆಸರು ಬಿತ್ತು. ಹೀಗೆ ಹತ್ತೊಂಬತ್ತು ಗುಂಡಿಗೆ ಇಳಿಯುವುದು, ನಲವತ್ತಾರು ಮೇಲೆ ನಿಂತು ಬರೆದುಕೊಳ್ಳುವುದು ಶುರುವಾಯಿತು.

"ಕೇಸು ಹಾಕೋಣಮ್ಮ. ಆರು ತಿಂಗಳಲ್ಲಿ ಮುಗಿಯುತ್ತೆ" ಅಂದೆ ನಾನು. ಮೂವತ್ತು ವರ್ಷ ಧರಣಿ ಕೂತು ಕೂತು ಬೆನ್ನು ಸವೆಸಿದವನ ಬಾಯಲ್ಲಿ ಇಂಥ ಮಾತು ಹೇಗೆ ಬಂತೋ. ಹತ್ತೊಂಬತ್ತು ಬಿದ್ದ ಇಪ್ಪತ್ತೇಳು ಜನರಲ್ಲಿ ಏಳು ಜನ ಜೊತೆಗೆ ಬಂದರು. ಒಬ್ಬನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಒಬ್ಬಳ ಅತ್ತೆ ಮನೆಯವರು ಬೇಡ ಅಂದರು, ಉಳಿದವರು ವಾಯಿದೆಗೆ ಅಲೆದು ಸಾಕಾಗಿ ಒಬ್ಬೊಬ್ಬರೇ ಕಳಚಿಕೊಂಡರು. ಕೊನೆಗೆ ಅಕ್ಕ ಒಬ್ಬಳೇ.

ನಮ್ಮ ವಕೀಲರು ಸಂಘದ ಕೇಸುಗಳಿಗೇ ಕೂದಲು ಬಿಳಿ ಮಾಡಿಕೊಂಡ ಮನುಷ್ಯ. ಕಾಗದಗಳನ್ನೆಲ್ಲ ನೋಡಿ ಮೊದಲು ಕೇಳಿದ್ದು ಮುಚ್ಚಳಿಕೆಯನ್ನು.

"ಇದನ್ನು ಓದಿ ಸಹಿ ಹಾಕಿದ್ರಾ ತಾಯಿ?"

"ಇಲ್ಲ ಸರ್."

"ಯಾಕೆ?"

"ನಾವು ಸಹಿ ಮೊದಲು ಹಾಕ್ತೀವಿ ಸರ್."

ವಕೀಲರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನಾನು ರೂಢಿಯನ್ನು ವಿವರಿಸಿದೆ. ಒದ್ದೆ ಕೈ, ಒಣ ಮೇಜು, ಆರು ಹಾಳೆ. ಪೂರ್ತಿ ಕೇಳಿಸಿಕೊಂಡು ಅವರು ಅಂದರು: "ಜಡ್ಜ್ ಮುಂದೆ ಇದನ್ನು ಹೇಳಿದರೆ ನಿಮ್ಮ ಹಳೇ ರೀಡಿಂಗನ್ನೂ ಸುಳ್ಳು ಅಂತಾರೆ. ಬಾಯಿ ಮುಚ್ಚಿಕೊಂಡಿರಿ ಇಬ್ಬರೂ."

ಒಂದೂವರೆ ವರ್ಷ ಬರೀ ಮುಂದಿನ ತಾರೀಖು. ಗಂಡ ಕಾಗದ ಇಡಲು ಒಂದು ಬಟ್ಟೆ ಚೀಲ ಹೊಲಿದುಕೊಟ್ಟ. ವರ್ಷ ತುಂಬುವುದರೊಳಗೆ ಅದು ಸಾಲದೆ ಇನ್ನೊಂದು ಹೊಲಿದ. "ಬೆಳೆಯೋ ಮಗೂಗಾದ್ರೂ ಅಳತೆ ತಗೋಬಹುದು, ಈ ಕೇಸಿಗೆ ಆಗಲ್ಲ" ಅಂತ ಗೊಣಗುತ್ತಲೇ ಹೊಲಿದ.

ಆಮೇಲೆ ಏಕಸದಸ್ಯ ಪೀಠದ ನ್ಯಾಯಾಧೀಶರು ಸಂದರ್ಶನದ ಮೂಲ ಅಂಕಪಟ್ಟಿ ತನ್ನಿ ಅಂದರು. ಆಯೋಗದವರು ನಾಲ್ಕು ತಾರೀಖು ಮರೆತು, ಐದನೇ ಸಲ ತಂದರು. ಕೋರ್ಟಿನ ಕಚೇರಿ ಕೋಣೆಯಲ್ಲಿ ಗುಮಾಸ್ತನ ಎದುರೇ ಕೂತು ನೋಡಲು ನಮಗೆ ಒಂದು ಗಂಟೆ ಕೊಟ್ಟರು. ವಕೀಲರು ಅಂಕ ಕೂಡಿಸಿ ನೋಡುತ್ತಿದ್ದರು. ನಾನು ನಲವತ್ತಾರನ ಸಾಲು ಹುಡುಕುತ್ತಿದ್ದೆ. ಅಕ್ಕ ಅಂಕಿಗಳನ್ನು ನೋಡಲೇ ಇಲ್ಲ. ಹಾಳೆಯನ್ನು ಕಿಟಕಿ ಬೆಳಕಿಗೆ ಓರೆ ಹಿಡಿದು ಕೆಳಗಿನ ಸಹಿಗಳನ್ನು ನೋಡುತ್ತಿದ್ದಳು.

"ಅಣ್ಣ, ಇಲ್ಲಿ ನೋಡಿ. ಸಹಿ ನೀಲಿ ಇಂಕು, ಅಂಕಿ ಕಪ್ಪು ಇಂಕು. ಕೊನೇ ಸಾಲಿನ ಒಂಬತ್ತರ ಬಾಲ ಅಧ್ಯಕ್ಷರ ಸಹಿ ಮೇಲೆ ಹಾದು ಹೋಗಿದೆ. ಕಪ್ಪು ಮೇಲಿದೆ, ನೀಲಿ ಕೆಳಗಿದೆ."

"ಅಂದ್ರೆ?"

"ಅಂದ್ರೆ ಸಹಿ ಮೊದಲು ಬಿದ್ದಿದೆ."

ಅವಳ ಬೆರಳು ಪಕ್ಕಕ್ಕೆ ಸರಿಯಿತು. ಐದು ಸದಸ್ಯರು, ಒಬ್ಬೊಬ್ಬರ ಕೈಯಲ್ಲಿ ಹತ್ತು ಹತ್ತು ಅಂಕ, ಐದು ಅಂಕಣ. ಐದೂ ಅಂಕಣ ಒಂದೇ ಕೈ ಬರಹ. ಅವಳ ಸಾಲಿನಲ್ಲಿ ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ಮೂರು. ಹತ್ತೊಂಬತ್ತು ಬಿದ್ದ ಉಳಿದ ಇಪ್ಪತ್ತಾರು ಜನರ ಸಾಲಿನಲ್ಲೂ ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ಮೂರು. ಕಡತದ ಕೊನೆಗೆ ಬಂದಾಗ ಗುಮಾಸ್ತನೂ ಬಗ್ಗಿ ನೋಡಿದ. ಹನ್ನೆರಡನೇ ಹಾಳೆ. ಅದರಲ್ಲಿ ಒಂದು ಹೆಸರಿಲ್ಲ, ಒಂದು ಅಂಕಿಯಿಲ್ಲ. ಕೆಳಗೆ ಐದು ಜನರ ಐದು ಸಹಿ, ನೀಟಾಗಿ, ತಾರೀಖಿನ ಸಮೇತ. ಹೆಚ್ಚುವರಿಯಾಗಿ ಸಹಿ ಮಾಡಿಟ್ಟುಕೊಂಡ ಖಾಲಿ ಹಾಳೆಯನ್ನು ಹರಿದು ಹಾಕಲು ಮರೆತು ಕೋರ್ಟಿಗೇ ತಂದು ಕೊಟ್ಟಿದ್ದರು.

ಅಕ್ಕ ನಕ್ಕಳು. "ಇವರೂ ನಮ್ಮ ಥರದವರೇ ಅಣ್ಣ. ಇವರ ಕೈ ಮಾತ್ರ ಒದ್ದೆ ಇರಲಿಲ್ಲ."

ಆ ಹಾಳೆಯನ್ನು ಕೋರ್ಟಿನಲ್ಲಿ ತೋರಿಸಿದ ದಿನ ಆಯೋಗದ ವಕೀಲ ಎದ್ದು ನಿಂತು ಹೇಳಿದ ಎರಡು ಮಾತು ನನಗೆ ಬಾಯಿಪಾಠವಾಗಿದೆ. ಮಂಡಳಿಯವರು ಮೊದಲೇ ಸಹಿ ಹಾಕಿದ್ದು ಆಡಳಿತದ ಅನುಕೂಲಕ್ಕಾಗಿ, ಅದರಲ್ಲಿ ದುರುದ್ದೇಶವಿಲ್ಲ. ಇದು ಒಂದು ಮಾತು. ಅರ್ಜಿದಾರಳು ವಿದ್ಯಾವಂತೆ, ಆಕೆ ಹಾಕಿದ ಸಹಿಗೆ ಆಕೆ ಬದ್ಧಳು, ಓದದೆ ಹಾಕಿದೆ ಅಂತ ಈಗ ಹೇಳುವ ಹಾಗಿಲ್ಲ. ಇದು ಎರಡನೆಯದು. ಎರಡರ ನಡುವೆ ಆ ಮನುಷ್ಯ ಒಂದು ಲೋಟ ನೀರು ಕುಡಿದ. ಆ ನೀರೂ ನಮ್ಮ ಇಲಾಖೆಯದೇ.

ಮೊದಲ ತೀರ್ಪು ನಮ್ಮದಾಯಿತು. ಪರೀಕ್ಷೆ ನಡೆದ ಮೇಲೆ ಕನಿಷ್ಠ ಅಂಕದ ನಿಯಮ ತರುವ ಹಾಗಿಲ್ಲ, ಆ ನಿಯಮ ಬಿಟ್ಟು ಪಟ್ಟಿಯನ್ನು ಮತ್ತೆ ಮಾಡಿ, ಖಾಲಿ ಹಾಳೆಯ ವಿಷಯ ಬೇಸರ ತರುವಂಥದ್ದು. ಹೀಗಂತ ಬರೆದರು. ಆ ಸಂಜೆ ಟೈಲರ್ ಅಂಗಡಿಯಲ್ಲಿ ಇಡೀ ಬೀದಿಗೆ ಚಹಾ. ಹದಿನೇಳನೇ ದಿನ ಆಯೋಗ ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದಿತು. ತಡೆಯಾಜ್ಞೆ ಆರು ವರ್ಷ ಕೂತಿತು.

ಆರು ವರ್ಷ ಅಂದರೆ ಏನು ಅಂತ ಹೇಳುತ್ತೇನೆ. ಕೇಸು ಹಾಕಿದಾಗ ಮಗ್ಗಿ ಹೇಳುತ್ತಿದ್ದ ಅವಳ ಮಗಳು ಅಮ್ಮನ ಕೇಸಿನ ಕಾಗದಗಳನ್ನು ತಾನೇ ಓದಿ ತಾರೀಖಿನ ಪ್ರಕಾರ ಜೋಡಿಸುವಷ್ಟಾದಳು. ಗಂಡ ಮೂರನೇ ಚೀಲ ಹೊಲಿದ. ನಮ್ಮ ವಕೀಲರಿಗೆ ಮಂಡಿ ಆಪರೇಷನ್ ಆಯಿತು. ನಲವತ್ತಾರನಿಗೆ ಎರಡು ಸಲ ಸಂಬಳ ಏರಿತು.

ನಲವತ್ತಾರ ಕೆಟ್ಟವನಲ್ಲ. ಅದೇ ಒಂದು ಹಿಂಸೆ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಸೋರಿಕೆ ಹುಡುಕಲು ಬಾರದು ಅಂತ ಅವನಿಗೇ ಗೊತ್ತಿತ್ತು. ಆಸ್ಪತ್ರೆ ರಸ್ತೆಯಲ್ಲಿ ಒಂದು ಸಲ ನೀರಿನ ಒತ್ತಡ ಸತ್ತು, ಅವನು ಎಂಟು ಕಡೆ ರಸ್ತೆ ಅಗೆಸಿದ. ಎಂಟೂ ಒಣಗಿದ್ದವು. ಒಂಬತ್ತನೇ ದಿನ ಬೆಳಗಿನ ಜಾವ ಅಕ್ಕ ಅಪ್ಪನ ಸರಳು ಹಿಡಿದು ಬಂದಳು, ನಾಲ್ಕು ಕಡೆ ಕಿವಿ ಕೊಟ್ಟಳು, ಔಷಧಿ ಅಂಗಡಿಯ ಮೆಟ್ಟಿಲ ಹತ್ತಿರ ಕಾಲಿನಿಂದ ಗೆರೆ ಎಳೆದಳು. ಮೊಳ ಆಳಕ್ಕೆ ಅಗೆಯುವುದರೊಳಗೆ ನೀರು ಚಿಮ್ಮಿತು. ವರದಿಯಲ್ಲಿ ಹೆಸರು ಇನ್‌ಸ್ಪೆಕ್ಟರದ್ದೇ ಹೋಗಬೇಕು, ನಿಯಮ ಅದು. ಅವನು ಪೆನ್ನಿನ ಮುಚ್ಚಳ ತೆಗೆದು, ಬರೆಯದೆ ಮತ್ತೆ ಹಾಕಿದ.

"ಅಕ್ಕ, ಒಂದು ಮಾತು. ನನಗೆ ನಲವತ್ತಾರು ಯಾಕೆ ಕೊಟ್ರು ಅಂತ ನನಗೂ ಗೊತ್ತಿಲ್ಲ. ನನ್ನನ್ನೂ ಐದೇ ನಿಮಿಷ ಕೂರಿಸಿದ್ದು. ಊಟ ಆಯ್ತಾ ಅಂತ ಬೇರೆ ಕೇಳಿದ್ರು."

"ನನಗೆ ಹತ್ತೊಂಬತ್ತು ಯಾಕೆ ಅಂತ ನನಗೂ ಗೊತ್ತಿಲ್ಲ ಸರ್. ನನ್ನ ಕೇಸೂ ಅದೇ. ನಿಮ್ಮ ಮೇಲಲ್ಲ."

"ಗೆದ್ರೆ ನನ್ನ ಕೆಲಸ ಹೋಗುತ್ತಲ್ಲ?"

"ಹೋಗಬಾರದು ಅಂತಾನೇ ನಾನೂ ಕೇಳ್ತಿರೋದು. ನಿಮ್ಮನ್ನ ಎಬ್ಬಿಸಿ ಕೂರೋಕಲ್ಲ ಸರ್, ಇನ್ನೊಂದು ಕುರ್ಚಿ ಹಾಕಿ ಅಂತ. ಒಂದು ಹುದ್ದೆ ಖಾಲಿ ಬಿದ್ದಿದೆ, ಆಯ್ಕೆಯಾದವನೊಬ್ಬ ಬಂದು ಸೇರಲೇ ಇಲ್ಲ. ನೀವು ಬರೀರಿ ವರದಿ, ಕೈ ಒಣಗಿದೆಯಲ್ಲ."

ಎಂಟನೇ ವರ್ಷದಲ್ಲಿ ಇಬ್ಬರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಮಗಳು ಅದನ್ನು ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಗಟ್ಟಿಯಾಗಿ ಓದಿದಳು, ನಾವು ಸುತ್ತ ನಿಂತು ಕೇಳಿದೆವು. ನಡುವೆ ನಿಯಮ ತಂದದ್ದು ಸರಿಯಲ್ಲ. ನಾವು ತಲೆಯಾಡಿಸಿದೆವು. ಆಯೋಗ ಮುಂದೆ ಹಾಗೆ ಮಾಡಬಾರದು. ಮತ್ತೆ ತಲೆಯಾಡಿಸಿದೆವು. ಖಾಲಿ ಹಾಳೆಗೆ ಸಹಿ ಹಾಕಿದ್ದು ಕ್ರಮವಲ್ಲದಿದ್ದರೂ ಕಾನೂನುಬಾಹಿರ ಅನ್ನಲಾಗದು. ಆದರೆ ಅರ್ಜಿದಾರಳು ಮುಚ್ಚಳಿಕೆಗೆ ಸಹಿ ಹಾಕಿ, ಸಂದರ್ಶನಕ್ಕೆ ಕೂತು, ಸೋತ ಮೇಲೆ ನಿಯಮವನ್ನು ಪ್ರಶ್ನಿಸಿದ್ದಾಳೆ. ಆಯ್ಕೆಯಾದವರು ಇಷ್ಟು ವರ್ಷ ಕೆಲಸ ಮಾಡಿರುವಾಗ ಪಟ್ಟಿಯನ್ನು ಕದಲಿಸುವುದು ಸೂಕ್ತವಲ್ಲ. ಹುದ್ದೆ ಖಾಲಿಯಿದ್ದಲ್ಲಿ ಅರ್ಜಿದಾರಳು ಮನವಿ ಕೊಟ್ಟರೆ ಆಯೋಗ ಸಹಾನುಭೂತಿಯಿಂದ ಪರಿಶೀಲಿಸಬಹುದು.

ಮಗಳು ಹಾಳೆ ತಿರುವಿದಳು, ಹಿಂದೆ ಏನೂ ಇರಲಿಲ್ಲ.

"ಅಂದ್ರೆ ಗೆದ್ವಾ ಸೋತ್ವಾ?" ಅಂದ ಗಂಡ.

"ಅವರು ಮಾಡಿದ್ದು ತಪ್ಪಂತೆ ಅಪ್ಪ. ಅದಕ್ಕೆ ಅಮ್ಮನಿಗೆ ಕೆಲಸ ಇಲ್ಲವಂತೆ."

ವಕೀಲರಿಗೆ ಫೋನ್ ಮಾಡಿದೆ. "ಪರಿಶೀಲಿಸಬಹುದು ಅಂತಿದೆ, ಪರಿಶೀಲಿಸಬೇಕು ಅಂತಿಲ್ಲ. ಎಷ್ಟು ದಿನದೊಳಗೆ ಅಂತಲೂ ಇಲ್ಲ" ಅಂದರು. "ಮನವಿ ಕೊಡಿ" ಅಂದು ಇಟ್ಟರು.

ಅಕ್ಕ ಅತ್ತಳು, ಕೂಗಾಡಿದಳು ಅಂತೆಲ್ಲ ಬರೆಯುವುದಕ್ಕೆ ಇಲ್ಲ. ಮರುದಿನ ಬೆಳಗ್ಗೆ ಆಫೀಸಿಗೆ ಹೋದಳು. ಆರು ಹಾಳೆ ತೆಗೆದುಕೊಂಡಳು. ಒಂದಕ್ಕೂ ಸಹಿ ಹಾಕದೆ ಹೊರಟಳು.

ಅವತ್ತಿನಿಂದ ಅವಳು ಅಂಕಿ ಬರೆಯದ ಹಾಳೆಗೆ ಸಹಿ ಹಾಕುವುದಿಲ್ಲ. ಗುಂಡಿಯಿಂದ ಎದ್ದು, ಸೆರಗಿಗೋ ಗೋಡೆಗೋ ಕೈ ಒರೆಸಿಕೊಂಡು, ಇಪ್ಪತ್ತು ಸಾಲು ತುಂಬಿದ ಮೇಲೆ, ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ ಆಮೇಲೆ ಸಹಿ. ಸಹಿ ಹರಡುತ್ತದೆ, ಬಿಲ್ ವಿಭಾಗದವರು ವಾಪಸ್ ಕಳಿಸುತ್ತಾರೆ, ಮತ್ತೆ ಬರೆಯುತ್ತಾಳೆ. ದಿನಕ್ಕೆ ನೂರಾ ಇಪ್ಪತ್ತು ಆಗುತ್ತಿದ್ದದ್ದು ತೊಂಬತ್ತಕ್ಕೆ ಇಳಿಯಿತು. ಇಲಾಖೆಯಿಂದ ಮೆಮೊ ಬಂತು: ಸ್ಥಾಪಿತ ಪದ್ಧತಿಯಂತೆ ಮೊದಲೇ ಸಹಿ ಮಾಡದೆ ಕೆಲಸಕ್ಕೆ ವಿಳಂಬ ಉಂಟುಮಾಡುತ್ತಿರುವ ಬಗ್ಗೆ ವಿವರಣೆ ಕೊಡಿ. ಅದನ್ನು ಕೈಗೆ ಕೊಡಬೇಕಾದವನು ನಲವತ್ತಾರ.

"ಅಕ್ಕ, ತಲುಪಿದೆ ಅಂತ ಒಂದು ಸಹಿ ಹಾಕಿಬಿಡಿ."

"ತಡೀರಿ ಸರ್, ಓದ್ತೀನಿ."

ಹಾಲಿನ ನಡುವೆ ನಿಂತು ಇಡೀ ಮೆಮೊವನ್ನು ತಾರೀಖಿನಿಂದ ಹಿಡಿದು ಗಟ್ಟಿಯಾಗಿ ಓದಿದಳು. ಟೈಪಿಸ್ಟ್‌ಗಳು ಕೆಲಸ ನಿಲ್ಲಿಸಿ ಕೇಳಿದರು. ವಿಳಂಬ ಅನ್ನುವ ಮಾತು ಬಂದಾಗ ಹಿಂದಿನ ಮೇಜಿನಿಂದ ಯಾರೋ "ಎಂಟು ವರ್ಷ" ಅಂದರು. ಓದಿ ಮುಗಿಸಿ ಸಹಿ ಹಾಕಿದಳು. ಕೆಳಗೆ ಒಂದು ಸಾಲು ಸೇರಿಸಿದಳು: ಓದಿ ಹಾಕಿದ್ದೇನೆ.

ವಿವರಣೆಯಲ್ಲಿ ಏನು ಬರೆಯಲಿ ಅಂತ ನನ್ನ ಹತ್ತಿರ ಬಂದಳು. ನಾನು ನಾಲ್ಕು ಪುಟ ಬರೆದೆ, ಶೋಷಣೆ, ಹಕ್ಕು, ಸಂವಿಧಾನ ಎಲ್ಲ ಸೇರಿಸಿ. ಅವಳು ಓದಿ ಮಡಚಿ ನನಗೇ ಕೊಟ್ಟಳು. "ಇದು ನಿಮ್ಮ ಭಾಷಣ ಅಣ್ಣ" ಅಂದಳು. ಅವಳೇ ಬರೆದದ್ದು ಎರಡು ಸಾಲು: ಮೊದಲೇ ಹಾಕಿದ ಸಹಿಗೆ ನಾನು ಬದ್ಧಳು ಅಂತ ಮೇಲಿನ ಕೋರ್ಟು ಹೇಳಿದೆ. ಆದ್ದರಿಂದ ಮೊದಲೇ ಹಾಕುವುದನ್ನು ನಿಲ್ಲಿಸಿದ್ದೇನೆ. ಆ ಮೆಮೊ ಮುಂದೆ ಹೋಗಲಿಲ್ಲ. ಈಗ ಅವಳ ವಿಭಾಗದ ಹದಿನಾಲ್ಕು ರೀಡರ್‌ಗಳಲ್ಲಿ ಒಂಬತ್ತು ಜನ ಮೊದಲೇ ಸಹಿ ಹಾಕುವುದಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಸಂಘ ಗೆದ್ದದ್ದು ಅಂತ ಇದ್ದರೆ ಇದೊಂದೇ, ಅದೂ ಸಂಘ ಗೆದ್ದದ್ದಲ್ಲ.

ಮನವಿಯ ಕಥೆ ಚಿಕ್ಕದು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದನ್ನು ಕೌಂಟರಿನವನು ತೀರ್ಪಿನ ದೃಢೀಕೃತ ಪ್ರತಿ ಇಲ್ಲ ಅಂತ ವಾಪಸ್ ಕೊಟ್ಟ. ಮೂರನೆಯದನ್ನು ಪ್ರತಿ ಸಮೇತ ಕೊಟ್ಟು, ಸ್ವೀಕೃತಿಗೆ ಮುದ್ರೆ ಹಾಕಿಸಿಕೊಂಡು ಬಂದೆವು. ಹತ್ತು ತಿಂಗಳಾಯಿತು. ನಾನು ತಿಂಗಳಿಗೊಮ್ಮೆ ಹೋಗಿ ಕೇಳುತ್ತೇನೆ. "ಪರಿಶೀಲನೆಯಲ್ಲಿದೆ" ಅನ್ನುತ್ತಾನೆ ಕೌಂಟರಿನವನು. "ಯಾರ ಪರಿಶೀಲನೆಯಲ್ಲಿದೆ ತಮ್ಮಾ?" "ಅದು ಗೊತ್ತಿಲ್ಲ ಯಜಮಾನ್ರೇ, ಪರಿಶೀಲನೆಯಲ್ಲಿದೆ."

ಹೋದ ತಿಂಗಳು ಆಯೋಗ ಹೊಸ ಪ್ರಕಟಣೆ ಹೊರಡಿಸಿದೆ. ಇನ್‌ಸ್ಪೆಕ್ಟರ್ ಹುದ್ದೆ ಇಪ್ಪತ್ತೆರಡು. ಕೋರ್ಟು ಹುದ್ದೆ ಖಾಲಿಯಿದ್ದಲ್ಲಿ ಅಂದಿತ್ತಲ್ಲ, ಆ ಖಾಲಿ ಉಳಿದಿದ್ದ ಒಂದನ್ನೂ ಇದರೊಳಗೆ ಸೇರಿಸಿದ್ದಾರೆ. ಅದು ತುಂಬಿದರೆ ಅಕ್ಕನ ಮನವಿಯನ್ನು ಪರಿಶೀಲಿಸಲು ಏನೂ ಉಳಿಯುವುದಿಲ್ಲ. ಈ ಸಲ ಸಂದರ್ಶನದ ಕನಿಷ್ಠ ಇಪ್ಪತ್ತು ಅಂಕವನ್ನು ಪ್ರಕಟಣೆಯ ಮೊದಲ ಪುಟದಲ್ಲೇ ಹಾಕಿದ್ದಾರೆ. ಕೋರ್ಟಿನಿಂದ ಅವರು ಕಲಿತದ್ದು ಅಷ್ಟು. ಐದು ಜನ ನಾಲ್ಕು ನಿಮಿಷದಲ್ಲಿ ಏನನ್ನು ಅಳೆಯುತ್ತಾರೆ, ಯಾರು ಯಾವಾಗ ಬರೆಯುತ್ತಾರೆ, ಹತ್ತೊಂಬತ್ತು ಯಾಕೆ, ಇಪ್ಪತ್ತು ಯಾಕಲ್ಲ, ಇದ್ಯಾವುದೂ ಮೊದಲ ಪುಟದಲ್ಲಿಲ್ಲ, ಕೊನೆಯ ಪುಟದಲ್ಲೂ ಇಲ್ಲ.

ಅವಳು ಮತ್ತೆ ಅರ್ಜಿ ಹಾಕುವ ಹಾಗಿಲ್ಲ, ವಯಸ್ಸು ಮೀರಿದೆ. ಮೊನ್ನೆ ಸಂಘದ ಕೋಣೆಗೆ ಬಂದಿದ್ದಳು. ಬಲಗೈ ಮೊಣಕೈವರೆಗೆ ಕೆಸರು. ಪ್ರಕಟಣೆಯನ್ನು ಎರಡು ಸಲ ಓದಿದಳು.

"ಆ ಹನ್ನೆರಡನೇ ಹಾಳೆ ಈಗ ಎಲ್ಲಿದೆ ಅಣ್ಣ?"

"ಕೋರ್ಟಿನ ಕಡತದಲ್ಲೇ ಇರಬೇಕಮ್ಮ."

"ಐದು ಸಹಿ ಹಾಗೇ ಇದೆಯಾ?"

"ಇರಬೇಕು."

"ಹಾಗಾದ್ರೆ ಅದರ ಮೇಲೆ ನನ್ನ ಹೆಸರು ಬರೆದು ಇಪ್ಪತ್ತು ಅಂತ ಹಾಕಿ ಅಂತ ಹೇಳಿ. ಸಹಿ ಹೇಗೂ ಬಿದ್ದಾಗಿದೆ." ನಕ್ಕಳು, ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದಳು. ನಲ್ಲಿಯಲ್ಲಿ ನೀರಿರಲಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಕನಿಕರ ಅವಳಿಗೆ ಬೇಡ, ನನಗೂ ಬೇಡ. ಹೊಸ ಪ್ರಕಟಣೆಗೆ ಆಕ್ಷೇಪಣೆ ಸಲ್ಲಿಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ, ಯಾರು ಬೇಕಾದರೂ ಸಲ್ಲಿಸಬಹುದು, ಅಭ್ಯರ್ಥಿಯೇ ಆಗಿರಬೇಕಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಆ ಒಂದು ಹುದ್ದೆಯನ್ನು ಇಪ್ಪತ್ತೆರಡರಿಂದ ಹೊರಗಿಡಿ ಅಂತ ಬರೆಯಿರಿ. ಖಾಲಿ ಹಾಳೆಯ ಐದು ಸಹಿಗಳ ಮೇಲೆ ಯಾರ ಅಂಕ ತುಂಬಬೇಕೆಂದಿದ್ದಿರಿ ಅಂತ ಕೇಳಿರಿ. ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿ, ಆಮೇಲೆ ನಿಮ್ಮ ಸಹಿ ಹಾಕಿ ಕಳಿಸಿ. ನಿಮ್ಮ ಕೈ ಒಣಗಿಯೇ ಇದೆ. ಯಾವತ್ತು ಬರೆಯುತ್ತೀರಿ, ಹೇಳಿ.